ಹಾಲುಗಂಬ ಹೊತ್ತು ಪರರಾಜ್ಯಕ್ಕೆ

ಕೊಳಾಲ

ಹೊರರಾಜ್ಯ, ಹೊರದೇಶ ನೋಡಿ ಬಂದವರೆಲ್ಲ ಬರೆಯುತ್ತಾರೆ. ನಾನೇನು ಕಮ್ಮಿ? ನಾನೂ ಕರ್ನಾಟಕದ ಗಡಿ ದಾಟಿ, ಅನ್ಯಭಾಷೆಯ ಜನರ ನಡುವೆ ನಿಂತು, ಮತ್ತೆ ಕರ್ನಾಟಕಕ್ಕೆ ಕಾಲಿಟ್ಟವನು. ಹೊರಟಿದ್ದು ಕೊರಟಗೆರೆ ತಾಲ್ಲೂಕಿನ ಕೊಳಾಲದಿಂದ, ಹೋಗಿದ್ದು ಪಾವಗಡ ತಾಲ್ಲೂಕಿನ ವಳ್ಳೂರಿಗೆ. ಎರಡೂ ನಮ್ಮ ಜಿಲ್ಲೆಯೇ ಅಂತ ನೀವು ನಗಬಹುದು. ನಗಿ. ಪಾವಗಡಕ್ಕೆ ಹೋಗುವ ರಸ್ತೆ ಮಧ್ಯೆ ಆಂಧ್ರದೊಳಗೆ ನುಗ್ಗಿ ಬರುತ್ತದೆ. ನಮ್ಮ ಜಿಲ್ಲೆಯಿಂದ ನಮ್ಮ ಜಿಲ್ಲೆಗೇ ಪರರಾಜ್ಯದ ಮೇಲೆ ಹೋಗುವ ಭಾಗ್ಯ ಎಷ್ಟು ಜನಕ್ಕಿದೆ ಹೇಳಿ?

ಕಾರಣ ಇಷ್ಟು. ವಳ್ಳೂರಿನಲ್ಲಿ ನನ್ನ ತಂಗಿ ಗೌರಿಯ ಎರಡನೇ ಮಗಳ ಮದುವೆ. ನಮ್ಮಲ್ಲಿ ಮದುವೆಮನೆಯ ಚಪ್ಪರದ ಮೂಡಣ ಮೂಲೆಗೆ ನೆಡುವ ಹಸಿ ಕಂಬ, ಹಾಲುಗಂಬ, ಸೋದರಮಾವನೇ ಕಡಿದು ತಂದು ತನ್ನ ಕೈಯಾರೆ ನೆಡಬೇಕು. ಆ ಸೋದರಮಾವ ನಾನು. ಮೊದಲನೇ ಮಗಳ ಮದುವೆಗೂ ತಂದಿದ್ದೆ. ಆದರೆ ನನ್ನ ವ್ಯಾನು ದಾರಿಯಲ್ಲಿ ಕೈಕೊಟ್ಟು, ನಾನು ತಲುಪುವ ಹೊತ್ತಿಗೆ ಗೌರಿಯ ಗಂಡನ ದಾಯಾದಿಯೊಬ್ಬರು ಬೇರೆ ಕಂಬ ನೆಟ್ಟು ಕೈತೊಳೆದು ಊಟಕ್ಕೆ ಕೂತಿದ್ದರು. ನನ್ನ ಕಂಬ ಗೋಡೆಗೆ ಒರಗಿ ನಿಂತಿತು. ಅದರ ಎಲೆಯನ್ನು ಮೇಕೆ ತಿಂದವು. ಅವತ್ತಿನಿಂದ ಗೌರಿ ನನ್ನ ಹತ್ತಿರ ಮಾತಾಡಿದ್ದೆಲ್ಲ 'ಹೂಂ', 'ಊಹೂಂ', 'ಫೋನ್ ಅತ್ತಿಗೆಗೆ ಕೊಡು' ಇಷ್ಟೇ.

ಈ ಸಲ ಅವಳೇ ಫೋನು ಮಾಡಿದಳು. "ಮದ್ವೆ ಹಿಂದಿನ್ ದಿನ ಮಟಮಟ ಮಧ್ಯಾಹ್ನ ಹನ್ನೆರಡಕ್ಕೆ ಕಂಬದ ಸಾಸ್ತ್ರ ಕಣಣ್ಣ. ಬಂದ್ರೆ ನೀನೇ ನೆಡು. ಈ ಸತಿನೂ ತಪ್ಪಿಸಿದ್ಯೋ, ನಿನಗೂ ನನಗೂ ತೀರ್ತು" ಅಂದಳು.

ನನ್ನ ಹೆಂಡತಿ ಬುದ್ಧಿವಂತೆ. ಎರಡು ದಿನ ಮೊದಲೇ ಬಸ್ಸು ಹತ್ತಿದಳು. ಕಂಬಕ್ಕೆ ಯಾವ ಬಸ್ಸಿನಲ್ಲೂ ಜಾಗವಿಲ್ಲ, ನಮ್ಮಪ್ಪನ ಅಕ್ಕ ಸಿದ್ದತ್ತೆಗೆ ಬಸ್ಸಿನ ಮೆಟ್ಟಿಲು ಹತ್ತುವ ಮಂಡಿಯಿಲ್ಲ. ಹಾಗಾಗಿ ಅತ್ತಿ ಮರದ ಹಸಿ ಕಂಬ ವ್ಯಾನಿನ ನೆತ್ತಿಯ ಮೇಲೆ, ಎಂಬತ್ತು ದಾಟಿದ ಸಿದ್ದತ್ತೆ ಮುಂದಿನ ಸೀಟಿನ ಮೇಲೆ, ಆ ಸೀಟಿನ ಕೆಳಗೆ ಬ್ಯಾಟರಿ. ಬೆಳಿಗ್ಗೆ ಆರೂವರೆಗೆ ಕೀ ತಿರುಗಿಸಿದೆ.

"ಟಕ್."

ದೀಪ ಹತ್ತುತ್ತದೆ, ಹಾರನ್ನು ಇಡೀ ಊರು ಏಳುವ ಹಾಗೆ ಬಡಿದುಕೊಳ್ಳುತ್ತದೆ. ಕೀ ತಿರುಗಿಸಿದರೆ ಮಾತ್ರ ಒಂದು ಟಕ್, ದೀಪವೆಲ್ಲ ಮಂಕು, ಆಮೇಲೆ ಮೌನ. ಐದಾರು ಸಲ ಟಕ್‌ಟಕ್ ಅಂದ ಮೇಲೆ ಪುಣ್ಯಕ್ಕೆ ಎಂಜಿನ್ನು ಎದ್ದಿತು. "ನಾನು ಈಬೂತಿ ಹಚ್ಚಿದ್ಕೇ ಕಣ್ಲಾ ಅದು ಎದ್ದಿದ್ದು" ಅಂದಳು ಅತ್ತೆ. ಪ್ರತಿ ಸೋಮವಾರ ಸೀಟು ಎತ್ತಿಸಿ ಬ್ಯಾಟರಿಯ ಎರಡು ತಲೆಗೂ ವಿಭೂತಿ ಕಲಸಿ ಮೂರು ಪಟ್ಟೆ ಎಳೆಯುವುದು ಅವಳ ನೇಮ. ಆಯುಧಪೂಜೆಗೆ ಇನ್ನೂ ಜೋರು. ತೆಂಗಿನಕಾಯಿ ನೀರು, ಅರಿಶಿನ, ಕುಂಕುಮ, ಚೆಂಡುಹೂವು, ಎಲ್ಲಾ.

ಕೊರಟಗೆರೆ

ಪ್ರವಾಸಿಗ ಹೊಸ ಊರಿಗೆ ಹೋದರೆ ಅಲ್ಲಿಯ ಜನರ ಆಚಾರ ಗಮನಿಸಬೇಕಂತೆ. ಕೊರಟಗೆರೆಯವರ ಆಚಾರ ಗಮನಿಸಲು ನನಗೆ ಒಂದೂವರೆ ಗಂಟೆ ಸಿಕ್ಕಿತು. ಅತ್ತೆಗೆ ಕಾಫಿ ಕುಡಿಸಲು ಹೋಟೆಲ್ ಮುಂದೆ ವ್ಯಾನು ಆರಿಸಿದ್ದೇ ತಪ್ಪು. ಟಕ್.

ಕೆಟ್ಟ ಗಾಡಿ ಕಂಡರೆ ಕೊರಟಗೆರೆಯ ಜನ ಕೂತ ಜಾಗದಿಂದ ಏಳುವುದಿಲ್ಲ. ಕೂತಲ್ಲೇ ಸಲಹೆ ಕೊಡುತ್ತಾರೆ. ಕಟ್ಟೆಯ ಮೇಲಿದ್ದವರೊಬ್ಬರು ಬ್ಯಾಟರಿ ಅಂದರು. ಪಕ್ಕದವರು ಡೀಸೆಲ್ಲಿನಲ್ಲಿ ನೀರು ಅಂದರು. ಮೂರನೆಯವರು ಪೇಪರಿನಿಂದ ತಲೆಯನ್ನೂ ಎತ್ತದೆ, "ವ್ಯಾನೇ ಮಾರ್ಬುಡಿ" ಅಂದರು. ನಮ್ಮ ಕೊಳಾಲದಲ್ಲಾದರೆ ಇಷ್ಟು ಹೊತ್ತಿಗೆ ನಾಲ್ಕು ಜನ ಗಾಡಿ ಕೆಳಗೆ ಮಲಗಿರುತ್ತಿದ್ದರು. ಸರಿಯಾಗುತ್ತಿರಲಿಲ್ಲ ಬಿಡಿ, ಆದರೆ ಮಲಗಿರುತ್ತಿದ್ದರು.

ಬ್ಯಾಟರಿ ಅಂಗಡಿಯವನನ್ನು ಕರೆತಂದೆ. ನಾಗರಾಜ ಅಂತ, ಬಾಯಲ್ಲಿ ಎಲೆಅಡಿಕೆ. ಅತ್ತೆಯನ್ನು ಇಳಿಸಿ ಸೀಟು ಎತ್ತಿದ. ಒಳಗೆ ನೋಡಿದವನು ಚಪ್ಪಲಿ ಬಿಟ್ಟ.

"ಏನಜ್ಜಿ, ದೇವ್ರ ಗುಡಿ ಇದ್ದಂಗೈತೆ!"

"ಹೂಂ ಕಣಪ್ಪ. ಹುಷಾರಾಗಿ ಮುಟ್ಟು" ಅಂದಳು ಅತ್ತೆ.

ಬ್ಯಾಟರಿ ಹಳೆಯದು, ಬದಲಾಯಿಸಲೇಬೇಕು ಅಂತ ತೀರ್ಪು ಕೊಟ್ಟ. ಹೊಸದು ಬಂತು. ಕೇಬಲ್ಲಿನ ಹಿಡಿಕೆ ಸಿಕ್ಕಿಸುವ ಮೊದಲು ಅತ್ತೆ ಕೈ ಅಡ್ಡ ಹಿಡಿದಳು. ಬೆತ್ತಲೆ ಬ್ಯಾಟರಿಗೆ ತಂತಿ ಕಟ್ಟುವುದುಂಟೇ? ಸಂಚಿಯಿಂದ ವಿಭೂತಿ ಗಟ್ಟಿ ತೆಗೆದು, ಅಂಗೈಯಲ್ಲಿ ನೀರು ಹಾಕಿ ತೇಯ್ದು, ಹೊಸ ಬ್ಯಾಟರಿಯ ಎರಡು ತಲೆಗೂ ದಪ್ಪಗೆ ಬಳಿದಳು. ನಾಗರಾಜ ಕೈಮುಗಿದು ನಿಂತಿದ್ದ. ಆಮೇಲೆ ಹಳೇ ಹಿಡಿಕೆಯನ್ನು, ಅದರೊಳಗೆ ಗಾರೆಯಂತೆ ಕಟ್ಟಿದ್ದ ಬಿಳಿ ಪದರದ ಸಮೇತ, ಎರಡೇ ಬೆರಳಲ್ಲಿ ಎತ್ತಿ ಭಕ್ತಿಯಿಂದ ಕೂರಿಸಿದ.

ನಾನು ನೋಡುತ್ತಿದ್ದೆ. ಇಲ್ಲೊಂದು ಮಾತು ಹೇಳಬೇಕು, ಹೇಳಲು ನಾಚಿಕೆ. ನಾನು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನದ ಮೇಷ್ಟ್ರು. ವಿದ್ಯುತ್ತಿಗೆ ದಾರಿ ಕೊಡುವುದು ಯಾವುದು, ತಡೆಯುವುದು ಯಾವುದು ಅಂತ ಸಾವಿರಾರು ಮಕ್ಕಳಿಗೆ ಬೆತ್ತ ಹಿಡಿದು ಕಲಿಸಿದ್ದೇನೆ. ಆದರೆ ತಾಯಿ ಸತ್ತ ಮೇಲೆ ನನ್ನನ್ನೂ ಗೌರಿಯನ್ನೂ ಸಾಕಿದವಳು ಸಿದ್ದತ್ತೆ. ಅವಳ ಮುಂದೆ ನನ್ನ ವಿಜ್ಞಾನ ಬಾಯಿ ಬಿಟ್ಟಿದ್ದೇ ಇಲ್ಲ.

ಟಕ್, ಟಕ್, ಬರ್‍ರ್. ಹೊಸ ಬ್ಯಾಟರಿಯ ಹುಮ್ಮಸ್ಸಿಗೆ ಒಂದು ಸಲ ಎದ್ದಿತು. "ನೋಡುದ್ರಾ?" ಅಂದ ನಾಗರಾಜ. "ನೋಡ್ದ್ಯಾ?" ಅಂದಳು ಅತ್ತೆ. ಇಬ್ಬರಿಗೂ ತಮ್ಮ ತಮ್ಮ ಕೈಗುಣದ ಮೇಲೆ ಅಪಾರ ಹೆಮ್ಮೆ.

ಮಧುಗಿರಿ

ಮಧುಗಿರಿಯ ಬೆಟ್ಟ ನೋಡಲು ದೂರದೂರದಿಂದ ಜನ ಬರುತ್ತಾರೆ. ನಾನೂ ನೋಡಿದೆ, ವ್ಯಾನಿನ ಕೆಳಗೆ ತಲೆ ಹಾಕಿದ್ದ ಮೆಕ್ಯಾನಿಕ್ಕನ ಎರಡು ಕಾಲುಗಳ ಮಧ್ಯದಿಂದ. ಬಹಳ ದೊಡ್ಡ ಬೆಟ್ಟ.

ಸರ್ಕಲ್ಲಿನಲ್ಲಿ ಟ್ರಾಫಿಕ್ಕಿಗೆ ನಿಧಾನ ಮಾಡಿದಾಗ ಕ್ಲಚ್ಚು ಸರಿಯಾಗಿ ಒತ್ತದೆ ಎಂಜಿನ್ನು ನಿಂತಿತ್ತು. ಕೊರಟಗೆರೆಯವರಿಗೂ ಮಧುಗಿರಿಯವರಿಗೂ ಅಜಗಜಾಂತರ. ಇವರು ಸಲಹೆ ಕೊಡುವವರಲ್ಲ, ತಳ್ಳುವವರು. ಏನಾಯಿತು ಅಂತ ಕೇಳುವ ಮೊದಲೇ ಆರು ಜನ ಹಿಂದೆ ನಿಂತು ತಳ್ಳಿದರು. ಗೇರು ಹಾಕಿ ಅಂತ ಯಾರೂ ಹೇಳಲಿಲ್ಲ, ನಾನೂ ಗಾಬರಿಯಲ್ಲಿ ಹಾಕಲಿಲ್ಲ. ಹಾಗೇ ತಳ್ಳುತ್ತಾ ತಳ್ಳುತ್ತಾ ಒಂದು ಗ್ಯಾರೇಜಿನ ಮುಂದೆ ಬಿಟ್ಟು, ಹಾಲುಗಂಬಕ್ಕೊಂದು ಕೈಮುಗಿದು ಹೋದರು.

ಗ್ಯಾರೇಜಿನವನ ಹೆಸರು ತಿಮ್ಮರಾಜು. ಹೊಸ ಬ್ಯಾಟರಿ ಹಾಕಿಸಿದ್ದೇನೆ ಅಂದೆ. "ಅಯ್ಯೋ ಸಾಮಿ, ಯಾವೋನು ಹೇಳಿದ್ದು ಬ್ಯಾಟ್ರಿ ಅಂತ? ಇದು ಸ್ಟಾರ್ಟರ್ ಮೋಟ್ರು! ಒಳಗೆ ಕಾರ್ಬನ್ ಸವೆದೋಗಿರ್ತೈತೆ" ಅಂದ. ಮೇಲೆ ಸೀಟು ಎತ್ತಿ ನೋಡಲೂ ಇಲ್ಲ. ಸಿದ್ದತ್ತೆ ಕೂತ ಸೀಟನ್ನು ಎತ್ತಿಸುವುದಕ್ಕಿಂತ ನೆಲದ ಮೇಲೆ ಮಲಗುವುದೇ ಅವನಿಗೆ ಸುಲಭ ಅನ್ನಿಸಿರಬೇಕು. ಕೆಳಗಿನಿಂದಲೇ ಮೋಟರು ಇಳಿಸಿ, ಬಿಚ್ಚಿ, ಉಜ್ಜಿ, ಕಾರ್ಬನ್ ಬದಲಾಯಿಸಿ, ನೇರವಾಗಿ ಬೇರೆ ಬ್ಯಾಟರಿಗೆ ತಂತಿ ಹಿಡಿದು ತೋರಿಸಿದ. ಮೋಟರು ಗಿರ್‍ರನೆ ತಿರುಗಿತು. ವ್ಯಾನಿಗೆ ಕೂರಿಸಿ ಕೀ ತಿರುಗಿಸಿದರೆ, ಟಕ್.

ಗಡಿಯಾರ ಹತ್ತೂವರೆ ತೋರಿಸುತ್ತಿತ್ತು. ಅಷ್ಟರಲ್ಲಿ ಗೌರಿಯ ಫೋನು.

"ಎಲ್ಲಿದ್ದೀಯಣ್ಣ?"

"ಮಿಡಿಗೇಶಿ ದಾಟಿದೆ ಕಣಮ್ಮ" ಅಂದೆ. ನಾನು ದಾಟಿದ್ದು ಗ್ಯಾರೇಜಿನ ಮೋರಿ.

"ಲೇ ರುದ್ರ, ಸುಳ್ಳು ಯಾಕ್ ಬೊಗಳ್ತೀಯಾ?" ಅಂತ ಅತ್ತೆ ಫೋನಿಗೇ ಕೇಳುವಂತೆ ಕೂಗಿದಳು. ಫೋನು ಕಟ್ಟಾಯಿತು. ಒಬ್ಬಳೇ ತಂಗಿ. ಚಿಕ್ಕವಳಿದ್ದಾಗ ನನ್ನ ಬೆನ್ನು ಬಿಟ್ಟು ಇಳಿಯದವಳು.

ತಿಮ್ಮರಾಜು ಕೈ ಒರೆಸಿಕೊಂಡು ಸತ್ಯ ಒಪ್ಪಿಕೊಂಡ. "ಬ್ಯಾಟ್ರಿ ಹೊಸದು, ಮೋಟ್ರು ಚೆನ್ನಾಗೈತೆ. ಮಧ್ಯದಾಗೆಲ್ಲೋ ಕರೆಂಟು ಸಾಯ್ತೈತೆ. ಇದು ನನ್ನ ಕೈಲಾಗಲ್ಲ. ಶಿರಾದಲ್ಲಿ ಬಾಬುಸಾಬ್ರು ಅಂತ ಅವ್ರೆ. ಅವರತ್ರ ಹೋಗ್ಬುಡಿ. ಹಿಂಗೇ ಹೋದ್ರೆ ಪಾವಗಡದ ದಾರಿಯಾಗೆ ತಳ್ಳಕ್ಕೆ ನರಪಿಳ್ಳೆನೂ ಸಿಗಲ್ಲ."

ಶಿರಾ ಇರುವುದು ಇನ್ನೊಂದು ದಿಕ್ಕಿಗೆ. ತಂಗಿಯ ಮನೆ ಉತ್ತರಕ್ಕಿದ್ದರೆ ನಾನು ಪಡುವಣಕ್ಕೆ ಹೊರಟೆ. ಆ ಆರು ಜನ ಮತ್ತೆ ಎಲ್ಲಿಂದಲೋ ಬಂದು ತಳ್ಳಿದರು. ಈ ಸಲ ಗೇರು ಹಾಕಿದ್ದೆ.

ಶಿರಾ

ಶಿರಾದ ಆಚಾರ ಬೇರೆಯೇ. ಇಲ್ಲಿ ಸಲಹೆಯೂ ಇಲ್ಲ, ತಳ್ಳುವುದೂ ಇಲ್ಲ, ಮೊದಲು ಟೀ. ಬಾಬುಸಾಬರ ಅಂಗಡಿ ಹುಡುಕಿ ನಿಲ್ಲಿಸಿದಾಗ ಹನ್ನೆರಡಕ್ಕೆ ಹತ್ತು ನಿಮಿಷ. ಬಿಳಿ ಗಡ್ಡ, ಮೂಗಿನ ತುದಿಯಲ್ಲಿ ಕನ್ನಡಕ. "ಬನ್ನಿ ಬನ್ನಿ, ಕೂತ್ಕೊಳಿ. ಅಮ್ಮಾಗೆ ಸಕ್ಕರೆ ಹಾಕಬಹುದಾ?" ಅಂದರು. ನನಗೆ ಉರಿದುಹೋಯಿತು. ತಂಗಿ ಮನೆಯಲ್ಲಿ ಶಾಸ್ತ್ರದ ಹೊತ್ತು, ಇವರಿಗೆ ಸಕ್ಕರೆಯ ಯೋಚನೆ.

"ಸ್ವಾಮೀ, ಹನ್ನೆರಡಕ್ಕೆ ನಾನು ವಳ್ಳೂರಲ್ಲಿರಬೇಕು!"

ಅವರು ಗಡಿಯಾರ ನೋಡಿದರು, ಕಂಬ ನೋಡಿದರು, ನನ್ನನ್ನು ನೋಡಿದರು. "ಹನ್ನೆರಡಕ್ಕೆ ಹೆಲಿಕಾಪ್ಟರ್ ಹತ್ತಿದ್ರೂ ಆಗಲ್ಲ ಸಾರ್. ಟೀ ಕುಡೀರಿ, ಗಾಡಿ ಆಮೇಲೆ ಓಡ್ತೈತೆ" ಅಂದರು.

ಟೀ ಕುಡಿಯುವಾಗ ಮೂರೇ ಪ್ರಶ್ನೆ ಕೇಳಿದರು. ದೀಪ ಹತ್ತುತ್ತಾ? ಹತ್ತುತ್ತೆ. ಕೀ ತಿರುಗಿಸಿದಾಗ ಮಂಕಾಗುತ್ತಾ? ಆಗುತ್ತೆ. ಆಗ ಎಲ್ಲಾದರೂ ಬಿಸಿಯಾಗುತ್ತಾ?

"ಆಯ್ತೈತೆ! ನನ್ನ ಸೀಟು ಸುಡ್ತೈತೆ ಕಣಪ್ಪ" ಅಂದಳು ಅತ್ತೆ. "ಬೆಳಿಗ್ಗಿಂದ ಈ ಮೇಷ್ಟ್ರಿಗೆ ಬಡ್ಕೊಂಡೆ. ಬಿಸಿಲಿಗೆ ಅಂದ."

ಬಾಬುಸಾಬರು ಎದ್ದರು. ಸೀಟು ಎತ್ತಿದರು. ಯಾವುದನ್ನೂ ಬಿಚ್ಚಲಿಲ್ಲ. ಒಂದು ಪುಟ್ಟ ಮೀಟರು ತೆಗೆದು, ಅದರ ಒಂದು ತಂತಿಯ ತುದಿಯನ್ನು ಬ್ಯಾಟರಿಯ ತಲೆಗೆ, ಇನ್ನೊಂದನ್ನು ಅದಕ್ಕೆ ಅಂಟಿಕೊಂಡೇ ಇರುವ ಕೇಬಲ್ಲಿನ ಹಿಡಿಕೆಗೆ ಒತ್ತಿ ಹಿಡಿದರು. "ಕೀ ತಿರುಗ್ಸಿ" ಅಂದರು. ತಿರುಗಿಸಿದೆ. ಟಕ್.

"ನೋಡಿ. ಎರಡೂ ಮೈಗೆ ಮೈ ತಾಗಿಕೊಂಡಿರೋ ಜಾಗ ಇದು. ಇಲ್ಲಿ ಮೀಟರು ಏನೂ ತೋರಿಸ್ಬಾರ್ದು, ಸೊನ್ನೆ ಹತ್ರ ಇರ್ಬೇಕು. ಏಳು ವೋಲ್ಟ್ ತೋರಿಸ್ತೈತೆ. ಬ್ಯಾಟ್ರಿ ಕೊಡೋ ಹನ್ನೆರಡರಲ್ಲಿ ಏಳು ಇಲ್ಲೇ ತಿಂದ್ಹೋಗ್ತೈತೆ. ಮೋಟ್ರಿಗೆ ಮಿಕ್ಕಿದ್ದು ಐದು. ದೀಪಕ್ಕೆ ಸ್ವಲ್ಪ ಕರೆಂಟು ಸಾಕು, ಹತ್ತುತ್ತೆ. ಮೋಟ್ರಿಗೆ ದಂಡಿಯಾಗಿ ಬೇಕು, ಅದು ಹೋಗಕ್ಕೆ ಇಲ್ಲಿ ದಾರಿನೇ ಇಲ್ಲ."

ಇಷ್ಟು ಹೇಳಿ ಮೀಟರು ಮಡಚಿಟ್ಟು ಕೈಕಟ್ಟಿ ನಿಂತರು. ಸ್ಪ್ಯಾನರಿಗೆ ಕೈ ಹಾಕಲಿಲ್ಲ.

"ರೋಗ ಸಿಕ್ತಲ್ಲ, ಬಿಚ್ಚಿ ಕ್ಲೀನ್ ಮಾಡಿ!" ಅಂದೆ.

ಅವರು ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು. "ಮೇಷ್ಟ್ರೇ, ಒಳಗೆ ಕಟ್ಟಿರೋದು ಅಮ್ಮಾವ್ರ ವಿಭೂತಿ. ವರ್ಷಾನುಗಟ್ಲೆ ಪೂಜೆ ಮಾಡಿದ್ದು. ಅದನ್ನ ನಾನು ಕೆರೆದು ನೆಲಕ್ಕೆ ಹಾಕೋದು ಸರಿಯಲ್ಲ. ಅವರ ಮನಸ್ಸು ನೋಯ್ತದೆ. ನೀವು ಹೇಳಿ ಅವರಿಗೆ." ಆಮೇಲೆ ಕೇಳಿದರು. "ಅಂದ ಹಾಗೆ, ನೀವು ಸ್ಕೂಲಲ್ಲಿ ಯಾವ ಪಾಠ ಮಾಡ್ತಿದ್ರಿ?"

"ಸಮಾಜ" ಅಂದೆ.

ಆಗ ನನಗೆ ಎಲ್ಲಾ ಹೊಳೆಯಿತು ಅನ್ನಲಾರೆ. ಹೊಳೆಯುವುದೇನು, ಮೊದಲಿನಿಂದಲೂ ಗೊತ್ತಿತ್ತು. ನಾಗರಾಜ ಭಕ್ತಿಗೆ ಮುಟ್ಟಲಿಲ್ಲ, ತಿಮ್ಮರಾಜು ಸೋಮಾರಿತನಕ್ಕೆ ನೋಡಲಿಲ್ಲ, ಬಾಬುಸಾಬರು ಮರ್ಯಾದೆಗೆ ಹಿಂಜರಿದರು. ನಾನು ಮಾತ್ರ ಬರೀ ಹೆದರಿಕೆಗೆ ಬಾಯಿ ಮುಚ್ಚಿಕೊಂಡಿದ್ದೆ. ಹೋದ ಮದುವೆಯಲ್ಲಿ ತಂಗಿಯ ಮನೆ ಮುಂದೆ ಮುಖ ಕೆಟ್ಟಿದ್ದೂ ಇದೇ ಹೆದರಿಕೆಯಿಂದ. ನಮ್ಮ ಮನೆಯಲ್ಲಿ ಒಬ್ಬ ಮುದುಕಿಗೆ ಒಂದು ಮಾತು ಹೇಳಲು ನನಗೆ ಒಂದು ಹೊಸ ಬ್ಯಾಟರಿ, ಒಂದು ಮೋಟರು ಮತ್ತು ಮೂರು ತಾಲ್ಲೂಕು ಬೇಕಾದವು. ಥೂ ನನ್ನ ಜನ್ಮಕ್ಕೆ!

ಅತ್ತೆಯ ಹತ್ತಿರ ಹೋದೆ. "ಅತ್ತೆ, ವಿಭೂತಿ ಬೂದಿ. ಬೂದಿಯೊಳಗೆ ಕರೆಂಟು ಹರಿಯಲ್ಲ. ಬ್ಯಾಟರಿ ಆಸಿಡ್ಡಿಗೆ ಸೇರಿ ಅದು ಇನ್ನೂ ಗಟ್ಟಿಯಾಗಿದೆ. ಅದಕ್ಕೇ ವ್ಯಾನು ಏಳ್ತಿಲ್ಲ. ಅವತ್ತೂ ಅದಕ್ಕೇ ಎದ್ದಿರಲಿಲ್ಲ" ಅಂದೆ. ಮಾತು ಮುಗಿಸುವಷ್ಟರಲ್ಲಿ ಬೆವೆತಿದ್ದೆ.

ಅತ್ತೆ ನನ್ನನ್ನೇ ನೋಡಿದಳು. "ನಿಂಗೆ ಯಾವಾಗಿಂದ ಗೊತ್ತು?"

"ಮೊದಲಿಂದ್ಲೂ."

"ಮೊದ್ಲಿಂದ್ಲೂ ಗೊತ್ತಿದ್ದು ನನ್ ಕೈಲಿ ಬಳಿಸ್ದ್ಯೇನ್ಲಾ? ಆ ಮಗು ಗೌರಿ ನಿನ್ ಮ್ಯಾಲೆ ಮುನಿಸ್ಕೊಂಡು ಕುಂತಿದ್ದು ನನ್ ಈಬೂತಿಗೇನ್ಲಾ?" ಬೈದಿದ್ದರೆ ಚೆನ್ನಾಗಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡು ಬಾಬುಸಾಬರ ಕಡೆ ತಿರುಗಿದಳು. "ಅದೇನೋ ಉಪ್ಪುಕಾಗ್ದ ಅಂತಾರಲ್ಲ, ಕೊಡಪ್ಪ ಇಲ್ಲಿ. ನಾನ್ ಬಳ್ದಿದ್ದು, ನಾನೇ ಉಜ್ತೀನಿ. ಸಿವ ಎಲ್ಲಾ ಕಡೆ ಅವ್ನೆ, ಈ ತೂತಲ್ಲಿ ಇಲ್ದಿದ್ರೆ ಏನೂ ಆಗಕಿಲ್ಲ."

ಬಾಬುಸಾಬರು ಎರಡೂ ಹಿಡಿಕೆ ಬಿಚ್ಚಿ, ಕೈಗೆ ಸುತ್ತಿಕೊಳ್ಳಲು ಬಟ್ಟೆ ಕೊಟ್ಟರು. ಕೆಳಗೊಂದು ಶುಭ್ರವಾದ ತಟ್ಟೆ ಹಿಡಿದರು. ಎಂಬತ್ತು ದಾಟಿದ ಮುದುಕಿ ಸ್ಟೂಲಿನ ಮೇಲೆ ಕೂತು, ಹಿಡಿಕೆಯ ಒಳಗಿನ ಸೀಸ, ಬ್ಯಾಟರಿಯ ತಲೆ ಎರಡೂ ಬೆಳ್ಳಿಯಂತೆ ಹೊಳೆಯುವವರೆಗೂ ಉಜ್ಜಿದಳು. ಬಾಬುಸಾಬರು ಬಿಗಿಯಾಗಿ ಕೂರಿಸಿ ಮೇಲೆ ಗ್ರೀಸು ಸವರಿ, "ಅಮ್ಮಾ, ಇನ್ಮೇಲೆ ವಿಭೂತಿ ಬ್ಯಾಟ್ರಿ ಡಬ್ಬಕ್ಕೆ ಹಚ್ಚಿ. ಪ್ಲಾಸ್ಟಿಕ್ಕು, ತೊಂದರೆ ಇಲ್ಲ" ಅಂದರು. ಮತ್ತೆ ಮೀಟರು ಹಿಡಿದು ಕೀ ತಿರುಗಿಸಲು ಹೇಳಿದರು. ಮುಳ್ಳು ಅಲ್ಲಾಡಲೇ ಇಲ್ಲ. ಟಕ್ ಅನ್ನುವುದನ್ನು ಕೇಳಲು ತಯಾರಾಗಿದ್ದ ನನ್ನ ಕಿವಿಗೆ ಒಂದೇ ಏಟಿಗೆ ಎಂಜಿನ್ನಿನ ಸದ್ದು ಬಿತ್ತು. ತಟ್ಟೆಯ ಪುಡಿಯನ್ನು ಅತ್ತೆ ಅಂಗಡಿ ಮುಂದಿನ ಬೇವಿನ ಬುಡಕ್ಕೆ ಹಾಕಿದಳು.

ಆಗ ಒಂದೂಕಾಲು ಗಂಟೆ. ಹನ್ನೆರಡು ಯಾವಾಗಲೋ ಮುಗಿದಿತ್ತು. ಗೌರಿಗೆ ಫೋನು ಮಾಡಿದೆ, ಎತ್ತಲಿಲ್ಲ. ಹೆಂಡತಿಗೆ ಮಾಡಿದೆ, ಅವಳೂ ಎತ್ತಲಿಲ್ಲ.

ಪರರಾಜ್ಯ

ಆಂಧ್ರಪ್ರದೇಶಕ್ಕೆ ಸ್ವಾಗತ ಅಂತ ಬೋರ್ಡು ಬಂತು. ಪಾಸ್‌ಪೋರ್ಟು ಯಾರೂ ಕೇಳಲಿಲ್ಲ. ಅದೇ ಕಲ್ಲು, ಅದೇ ಜಾಲಿ, ಅದೇ ಬಿಸಿಲು. ಅಕ್ಷರ ಮಾತ್ರ ದುಂಡಗಾಗಿದ್ದವು.

ಅತ್ತೆಗೆ ಇಳಿಯಲೇಬೇಕಾಯಿತು. ಒಂದು ಸೋಡಾ ಅಂಗಡಿ ಮುಂದೆ ನಿಲ್ಲಿಸಿ ಉಸಿರು ಬಿಗಿಹಿಡಿದು ಎಂಜಿನ್ನು ಆರಿಸಿದೆ. ಅಂಗಡಿಯಾಕೆ ಹೊರಗೆ ಬಂದು ವ್ಯಾನಿನ ನೆತ್ತಿ ನೋಡಿದಳು. "ಮೇನಮಾಮ ಮೀರೇನಾ?" ಅಂದಳು. ಸೋದರಮಾವ ನೀವೇನಾ ಅಂತ. ನಮ್ಮ ಮೂರು ತಾಲ್ಲೂಕಿನಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಕಂಬಕ್ಕೆ ಕೈಮುಗಿದವರಿಗೂ ಅದನ್ನು ಹೊತ್ತ ಮಾವ ಕಂಡಿರಲಿಲ್ಲ. ಹೌದು ಅಂದೆ. ಆಕೆ ಒಂದು ಕೊಡ ನೀರು ತಂದು, ಬಾಡುತ್ತಿದ್ದ ಅತ್ತಿ ಎಲೆಗಳಿಗೆ ಚಿಮುಕಿಸಿದಳು.

"ಎನ್ನಿ ಗಂಟಲಕು ಸಾರೂ ಶಾಸ್ತ್ರಂ?"

"ಹನ್ನೆರಡಕ್ಕಿತ್ತು."

ಆಗ ಮೂರರ ಹತ್ತಿರ. ಆಕೆಯ ಮುಖ ಇಳಿಯಿತು. "ಅಯ್ಯೋ ಪಾಪಂ" ಅಂದವಳು ಉಳಿದ ನೀರನ್ನೂ ಕಂಬಕ್ಕೆ ಸುರಿದಳು. ತಡವಾಗಿರುವ ಕಂಬಕ್ಕೂ ಬಾಯಾರಿಕೆ ಇರುತ್ತದಲ್ಲ. ಆ ಹೆಂಗಸಿನ ಮುಂದೆ ನನಗೆ ಅಳು ಬಂದುಬಿಟ್ಟಿತು. ಅದನ್ನು ಮರೆಮಾಚಲು ವ್ಯಾನು ಹತ್ತಿ ಕೀ ತಿರುಗಿಸಿದೆ. ಒಂದೇ ಏಟಿಗೆ ಎದ್ದಿತು! ನಂಬಿಕೆಯಾಗದೆ ಆರಿಸಿ ಮತ್ತೆ ಹಚ್ಚಿದೆ. ಎದ್ದಿತು. ಮೂರನೇ ಸಲಕ್ಕೆ ಅತ್ತೆ ಕುಂಟುತ್ತಾ ಬಂದು, "ಆಟ ಆಡ್ತೀಯೇನ್ಲಾ? ನಡಿ ಮೊದ್ಲು!" ಅಂತ ತಲೆಗೆ ಮೊಟಕಿದಳು.

ವಳ್ಳೂರು

ವಳ್ಳೂರಿನ ಸುತ್ತ ಹೊಲದಲ್ಲಿ ಬೆಳೆಯುವುದು ಕರೆಂಟು. ಕಣ್ಣು ಹಾಯಿಸಿದಷ್ಟು ದೂರ ಸೋಲಾರ್ ಫಲಕಗಳು, ಸಾಲುಸಾಲಾಗಿ ಸೂರ್ಯನಿಗೆ ಮುಖ ಮಾಡಿ ಮಲಗಿವೆ. ಬೆಳಗಿನಿಂದ ಹನ್ನೆರಡು ವೋಲ್ಟಿಗೆ ಊರೂರು ಅಲೆದವನ ಹೊಟ್ಟೆ ಉರಿಸಲೆಂದೇ ಹಾಕಿದಂತಿತ್ತು.

ಊರೊಳಗೆ ತಿರುಗಿದಾಗ ನಾಲ್ಕೂವರೆ. ದೂರದಿಂದಲೇ ಗೌರಿಯ ಮನೆ ಕಂಡಿತು. ಚಪ್ಪರ ಎದ್ದು ನಿಂತಿತ್ತು. ತೆಂಗಿನ ಗರಿ, ಮಾವಿನ ತೋರಣ, ಎಲ್ಲಾ ಮುಗಿದಿತ್ತು. "ತಿರುಗಿಸಿಬಿಡಲಾ ಅತ್ತೆ?" ಅಂದೆ. "ತಪ್ಪು ನಂದೂ ಐತೆ. ನಾನೇ ಹೇಳ್ತೀನಿ ನಡಿ" ಅಂದಳು.

ಗೌರಿ ಹೊಸಿಲ ಮೇಲೆ ನಿಂತಿದ್ದಳು. ಪಕ್ಕದಲ್ಲಿ ನನ್ನ ಹೆಂಡತಿ, ಯಾಕೋ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು. ನಾನು ಇಳಿದೆ.

"ತಪ್ಪಾಯ್ತು ಗೌರಿ. ವ್ಯಾನಿಂದಲ್ಲ, ನಂದೇ ತಪ್ಪು. ಹೊತ್ತು ಮೀರಿ ಬಂದೆ."

"ಹೊತ್ತು ಎಲ್ಲಿ ಮೀರೈತೆ?" ಅಂದಳು. "ಗೋಧೂಳಿ ಹೊತ್ತಿಗೆ ಕಣಣ್ಣ ಸಾಸ್ತ್ರ. ಇನ್ನೂ ಪೂಜೆ ಅಯ್ನೋರೇ ಬಂದಿಲ್ಲ."

ನನಗೆ ಅರ್ಥವಾಗಲಿಲ್ಲ. ಹೆಂಡತಿ ತಡೆಯಲಾಗದೆ ನಕ್ಕೇಬಿಟ್ಟಳು. "ಊರಿಗೆಲ್ಲ ಸಂಜೆ ಅಂತ ಹೇಳಿದ್ದು. ನಿಮಗೊಬ್ಬರಿಗೇ ಹನ್ನೆರಡು ಅಂದಿದ್ದು. ನಿಮ್ಮ ವ್ಯಾನಿನ ಲೆಕ್ಕ ನಮಗೆ ಗೊತ್ತಿಲ್ವಾ?"

ಚಪ್ಪರದ ಮೂಡಣ ಮೂಲೆಗೆ ನೋಡಿದೆ. ಅಲ್ಲಿ ಗುಂಡಿ ತೋಡಿ, ಸುತ್ತ ರಂಗೋಲಿ ಹಾಕಿ, ಅರಿಶಿನ ಕುಂಕುಮದ ತಟ್ಟೆ ಇಟ್ಟಿತ್ತು. ಗುಂಡಿ ಖಾಲಿ ಇತ್ತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮೊಂಡುತನಕ್ಕೆ ಕೇಳಿದೆ.

"ಅಲ್ಲ ಕಣೇ, ಸಂಜೆಗೂ ನಾನು ಬರದೇ ಹೋಗಿದ್ರೆ? ಆ ದಾಯಾದಿಗಳ ಕೈಲಿ ನೆಡಿಸ್ತಿದ್ಯಾ?"

ಗೌರಿ ಗುಂಡಿಯ ಕಡೆ ನೋಡಿದಳು. "ಹೋದ ಸತಿ ಸಿಟ್ನಲ್ಲಿ ನೆಡುಸ್ಬುಟ್ಟು ಇಡೀ ಮದ್ವೆ ಅತ್ಕಂಡೇ ಓಡಾಡಿದೀನಿ. ಈ ಸತಿ ನಿನ್ ವ್ಯಾನು ಬರದೆ ಇದ್ದಿದ್ರೆ ಚಪ್ರಕ್ಕೆ ಒಂದು ಕಂಬ ಕಮ್ಮಿ ಇರ್ತಿತ್ತು, ಅಷ್ಟೆಯ. ಬ್ಯಾರೆಯೋರ ಕೈಲಿ ಮಾತ್ರ ನೆಡಿಸ್ತಿರ್ಲಿಲ್ಲ."

ಕಂಬ ಇಳಿಸಲು ವ್ಯಾನಿನ ಮೇಲೆ ಹತ್ತಿದೆ. ನಾನೇ ಕಟ್ಟಿದ್ದ ಗಂಟು, ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ.